ಎಣ್ಣೆ ಬಾವಿಗೂ ಅಡ್ಡ ಬೋರ್: ನೀರು ನುಗ್ಗಿಸಿ ಹೆಚ್ಚು ಎಣ್ಣೆ ತೆಗೆಯೋದು ಹೆಂಗೆ, ಶುರುವಿಂದ ಕೊನೆ ತನಕ

ತೀರ್ಥಹಳ್ಳಿ ಕಡೆ ನಮ್ಮನೆ ಹಿಂದಿನ ಧರೆಗೆ ಚಿಕ್ಕಪ್ಪ ಅಡ್ಡ ಬೋರ್ ಹಾಕ್ಸಿ ಸುಮಾರು ವರ್ಷ ಆಯ್ತು, ಪಂಪೂ ಬೇಡ ಕರೆಂಟೂ ಬೇಡ, ನೀರು ತಾನಾಗೇ ತೋಟಕ್ಕೆ ಇಳಿಯತ್ತೆ. ಹೋದ ಸಲ ರಜೆಗೆ ಬಂದಾಗ ನಾನು ಕಚ್ಚಾ ಎಣ್ಣೆ ಬಾವಿ ಕೆಲಸದ ಬಗ್ಗೆ ಹೇಳ್ತಾ ನಮ್ಮಲ್ಲೂ ಅಡ್ಡ ಬೋರ್ ಇದೆ ಚಿಕ್ಕಪ್ಪ, ಆದ್ರೆ ನಾವು ಅದರೊಳಗೆ ನೀರು ಹಾಕ್ತೀವಿ ಅಂದೆ. ಕವಳ ಹಾಕ್ತಿದ್ದವರು ಕೈ ನಿಲ್ಸಿ "ಎಂತ ಮಾರಾಯ, ಎಣ್ಣೆ ಬೇಕು ಅಂದ್ರೆ ನೀರು ಹಾಕೋದಾ" ಅಂದ್ರು. ಆವತ್ತು ಜಗಲಿ ಮೇಲೆ ಕೂತು ಎರಡು ಗಂಟೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಜೊತೆಗೆ ಲೆಕ್ಕಗಳನ್ನೂ ಸೇರ್ಸಿದೀನಿ. ಶಿವಮೊಗ್ಗ ಕಡೆ ಹುಡುಗ್ರು ಮೆಕ್ಯಾನಿಕಲ್ಲೋ ಕೆಮಿಕಲ್ಲೋ ಮುಗ್ಸಿ ಗಲ್ಫಿಗೆ, ರಾಜಸ್ಥಾನದ ಬಾರ್ಮೇರಿಗೆ ಎಣ್ಣೆ ಕೆಲಸಕ್ಕೆ ಹೋಗೋರು ಆಗಾಗ ಕೇಳ್ತಾರೆ, ಅವರಿಗೆ ಕೆಲಸಕ್ಕೆ ಬರಲಿ ಅಂತ.

ಮೊದಲೇ ಹೇಳಿಬಿಡ್ತೀನಿ, ನಮ್ಮ ಮಲೆನಾಡಲ್ಲಿ ಎಣ್ಣೆ ಹುಡುಕಕ್ಕೆ ಹೋಗ್ಬೇಡಿ. ಇಲ್ಲಿ ಕೆಳಗಿರೋದು 250 ಕೋಟಿ ವರ್ಷಕ್ಕಿಂತ ಹಳೇ ಗಟ್ಟಿ ಬಂಡೆ. ಎಣ್ಣೆ ಇರೋದು ಸಮುದ್ರದ ತಳದಲ್ಲೋ ನದಿ ಮುಖದಲ್ಲೋ ಪದರ ಪದರವಾಗಿ ಕೂತು ಕಲ್ಲಾದ ಮರಳುಗಲ್ಲು, ಸುಣ್ಣಕಲ್ಲಲ್ಲಿ. ಮುಂಬೈ ಆಚೆ ಸಮುದ್ರದಲ್ಲಿರೋ ಮುಂಬೈ ಹೈ, ಗುಜರಾತ್, ಅಸ್ಸಾಂ, ರಾಜಸ್ಥಾನ, ಆ ಕಡೆ.

ಮೊದಲು ಅರ್ಥ ಆಗ್ಬೇಕಾದ್ದು: ನೀರು ಎಂತಕ್ಕೆ

ತುಂಬಾ ಜನಕ್ಕೆ ನೆಲದೊಳಗೆ ಎಣ್ಣೆ ಕೆರೆ ಥರ ನಿಂತಿರತ್ತೆ ಅನ್ನೋ ಕಲ್ಪನೆ ಇದೆ, ಹಂಗಿಲ್ಲ. ಜಂಬಿಟ್ಟಿಗೆ ಕಲ್ಲನ್ನ ಮಳೇಲಿ ಬಿಟ್ರೆ ನೀರು ಕುಡಿದುಕೊಂಡು ಭಾರ ಆಗತ್ತಲ್ಲ, ಹಂಗೆ ಕಲ್ಲಿನ ಸಣ್ಣ ಸಣ್ಣ ರಂಧ್ರದೊಳಗೆ ಎಣ್ಣೆ ಸೇರಿಕೊಂಡಿರತ್ತೆ, ಆದ್ರೆ ಈ ರಂಧ್ರಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಬಾವಿ ತೋಡಿದ ಹೊಸದ್ರಲ್ಲಿ ಒಳಗಿನ ಒತ್ತಡವೇ ಎಣ್ಣೆನ ಮೇಲಕ್ಕೆ ತಳ್ಳತ್ತೆ. ತೆಗೀತಾ ತೆಗೀತಾ ಒತ್ತಡ ಇಳಿಯತ್ತೆ, ಒಂದು ಹಂತಕ್ಕಿಂತ ಕೆಳಗೆ ಹೋದ್ರೆ ಎಣ್ಣೇಲಿ ಕರಗಿದ್ದ ಗ್ಯಾಸು ಸೋಡಾ ಬಾಟ್ಲಿ ಮುಚ್ಚಳ ತೆಗೆದಂಗೆ ಬಿಟ್ಕೊಳತ್ತೆ, ಆ ಹಂತಕ್ಕೆ ಬಬಲ್ ಪಾಯಿಂಟ್ ಅಂತಾರೆ. ಆಮೇಲೆ ಗ್ಯಾಸು ಮೊದಲು ಓಡತ್ತೆ, ಎಣ್ಣೆ ಮಂದ ಆಗಿ ಅಲ್ಲೇ ಕೂರತ್ತೆ. ಬರೀ ಸ್ವಂತ ಒತ್ತಡ ನಂಬಿಕೊಂಡ್ರೆ ತುಂಬಾ ಕಡೆ ನೂರಕ್ಕೆ 10-20 ಭಾಗ ಸಿಕ್ಕಿದ್ರೆ ಹೆಚ್ಚು. ನೀರು ಸರಿಯಾಗಿ ಹಾಕಿದ್ರೆ 30-40ಕ್ಕೆ ಒಯ್ಯಬಹುದು, ಅಂದ್ರೆ ಅದೇ ಕಲ್ಲಿಂದ ಎರಡು ಪಟ್ಟು.

ಈ ವಿಚಾರ ಹೊಸದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಳು ಬಿದ್ದ ಬಾವಿಗಳ ಮೂಲಕ ಮೇಲಿನ ಪದರದ ನೀರು ಎಣ್ಣೆ ಪದರಕ್ಕೆ ಇಳಿದು ಪಕ್ಕದ ಬಾವೀಲಿ ಎಣ್ಣೆ ಜಾಸ್ತಿ ಬರೋದನ್ನ ನೋಡಿ ಜಾನ್ ಕಾರ್ಲ್ ಅನ್ನೋ ಭೂವಿಜ್ಞಾನಿ 1880ರಲ್ಲೇ ಬರೆದಿಟ್ಟಿದ್ರು. ಅಲ್ಲಿ ಅದು ಕಾನೂನುಬದ್ಧ ಆಗಿದ್ದು 1921ರಲ್ಲಿ, ಅಲ್ಲೀತನಕ ಕದ್ದು ಮುಚ್ಚಿ ಮಾಡ್ತಿದ್ರು. ನಮ್ಮ ಮುಂಬೈ ಹೈ ಸಿಕ್ಕಿದ್ದು 1974, ಎಣ್ಣೆ ಶುರುವಾಗಿದ್ದು 1976, ನೀರು ಹಾಕಕ್ಕೆ ಶುರು ಮಾಡಿದ್ದು 1984.

ನಿಮ್ಮ ಫೀಲ್ಡಿಗೆ ಅಡ್ಡ ಬಾವಿ ಬೇಕಾ, ಬೇಡ್ವಾ

ಇಲ್ಲೇ ಜಾಸ್ತಿ ಜನ ಎಡವೋದು. ಅಡ್ಡ ಬಾವಿ ಅಂದ್ರೆ ಸೂಪರ್, ಹಾಕಿಬಿಡೋಣ ಅಂತ. ಲೆಕ್ಕ ಹಾಕದೆ ಒಂದಡೀನೂ ಕೊರೀಬೇಡಿ.

ಒಂದು ಉದಾಹರಣೆ ತಗೊಳಿ. ಪದರದ ದಪ್ಪ 50 ಅಡಿ, ಪರ್ಮಿಯಬಿಲಿಟಿ ಅಂದ್ರೆ ಕಲ್ಲು ದ್ರವ ಬಿಟ್ಟುಕೊಡೋ ಗುಣ 10 ಮಿಲಿಡಾರ್ಸಿ (ಆ ಗುಣದ ಅಳತೆ), ನೀರಿಗೆ ಅದರಲ್ಲಿ ನೂರಕ್ಕೆ 30 ಭಾಗ ಸಿಗತ್ತೆ, ನೀರಿನ ವಿಸ್ಕಾಸಿಟಿ ಅಂದ್ರೆ ಮಂದ 0.5 ಸೆಂಟಿಪಾಯ್ಸ್, ರಿಸರ್ವಾಯರ್ ಪ್ರೆಶರ್ ಅಂದ್ರೆ ಎಣ್ಣೆ ಪದರದೊಳಗಿನ ಒತ್ತಡಕ್ಕಿಂತ 1200 ಪಿಎಸ್ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಜಾಸ್ತಿ ಕೊಟ್ಟು ತಳ್ತೀವಿ, ನೀರಿನ ಪ್ರಭಾವ 2000 ಅಡಿ ತನಕ ಅಂತ ಇಟ್ಕೊಳಿ. ಎಂಟೂವರೆ ಇಂಚಿನ ನೇರ ಬಾವೀಲಿ ದಿನಕ್ಕೆ ಹೋಗೋದು 300 ಬ್ಯಾರೆಲ್ ಆಸುಪಾಸು. ಅದೇ ಪದರದಲ್ಲಿ 3000 ಅಡಿ ಅಡ್ಡ ಬಾವಿ ಹಾಕಿ, ಲಂಬವಾಗಿ ಹರಿಯೋ ಪರ್ಮಿಯಬಿಲಿಟಿ ಅಡ್ಡಕ್ಕಿಂತ ಹತ್ತನೇ ಒಂದು ಭಾಗ ಇದ್ರೆ, ಅಡ್ಡ ಬಾವಿ ಲೆಕ್ಕಕ್ಕೆ 1988ರಲ್ಲಿ ಬಂದ ಜೋಶಿ ಸೂತ್ರದ ಪ್ರಕಾರ 2000 ಬ್ಯಾರೆಲ್ ದಾಟತ್ತೆ. ಏಳು ಪಟ್ಟು.

ಖುಷಿ ಪಡಬೇಡಿ, ಇನ್ನೂ ಇದೆ. ಪದರದೊಳಗೆ ತೆಳು ತೆಳು ಶೇಲ್ (ನೀರು ಬಿಡದ ಜೇಡಿಕಲ್ಲು) ಸೇರಿಕೊಂಡು ಲಂಬದ ಪರ್ಮಿಯಬಿಲಿಟಿ ನೂರನೇ ಒಂದು ಭಾಗಕ್ಕೆ ಇಳಿದ್ರೆ ಏಳು ಪಟ್ಟು ಇದ್ದಿದ್ದು ಸುಮಾರು ಐದು ಪಟ್ಟಾಗತ್ತೆ. ಅದೇ ಕಲ್ಲು 50 ಅಡಿ ಬದಲು 300 ಅಡಿ ದಪ್ಪ ಇದ್ರೆ? ಅಡ್ಡ ಬಾವಿಗೂ ನೇರ ಬಾವಿಗೂ ಹೆಚ್ಚುಕಮ್ಮಿ ಒಂದೇ! ಯಾಕಂದ್ರೆ ನೇರ ಬಾವಿ ಮುನ್ನೂರಡಿ ಪದರವನ್ನೂ ಮುಟ್ಟತ್ತೆ, ಅಡ್ಡ ಬಾವಿಯ ನೀರು ಮೇಲೆ ಕೆಳಗೆ ಹೋಗಕ್ಕೆ ಶೇಲ್ ಬಿಡಲ್ಲ. ದುಡ್ಡು ಮಾತ್ರ ಜಾಸ್ತಿ ಹೋಗತ್ತೆ. ಹಂಗಾಗಿ ತೆಳು ಪದರ, ಬಿಗಿ ಕಲ್ಲು, ಮಧ್ಯೆ ಅಡ್ಡಗೋಡೆ ಇಲ್ಲದ ಜಾಗ, ಇಂಥಲ್ಲಿ ಅಡ್ಡ ಇಂಜೆಕ್ಟರ್, ಅಂದ್ರೆ ನೀರು ಹಾಕೋ ಬಾವಿ, ಲಾಭ. ಈ ಲಂಬ-ಅಡ್ಡ ಅನುಪಾತ ಊಹೆ ಮಾಡಿ ಬರೆಯೋ ಸಂಖ್ಯೆ ಅಲ್ಲ, ಕೋರ್ ಅಂದ್ರೆ ಪದರದ ಕಲ್ಲಿನ ತುಂಡು ತೆಗೆದು ಅಳತೆ ಮಾಡ್ಸಿ, ಅಥವಾ ಬಾವೀಲೇ ಟೆಸ್ಟ್ ಮಾಡ್ಸಿ.

ಎರಡನೇದು ಎಣ್ಣೆಯ ಮಂದ. ನೀರು ಎಣ್ಣೆಗಿಂತ ತುಂಬಾ ಸಲೀಸಾಗಿ ಹರಿಯೋ ಹಂಗಿದ್ರೆ ತಳ್ಳಲ್ಲ, ನುಸುಳಿಕೊಂಡು ಹೋಗಿಬಿಡತ್ತೆ. ನೀರು ಹರಿಯೋ ಸಲೀಸನ್ನ ಎಣ್ಣೆ ಹರಿಯೋ ಸಲೀಸಿಂದ ಭಾಗಿಸಿದ್ರೆ ಬರೋದು ಮೊಬಿಲಿಟಿ ರೇಶಿಯೋ, ಒಂದರ ಒಳಗಿದ್ರೆ ಆರಾಮು, ಎರಡು ಮೂರು ಇದ್ರೂ ನಡೆಯತ್ತೆ, ಮೂವತ್ತು ನಲವತ್ತಾದ್ರೆ ಬರೀ ನೀರಿಂದ ಆಗಲ್ಲ, ನೀರಿಗೆ ಪಾಲಿಮರ್ ಬೆರೆಸಿ ಮಂದ ಮಾಡ್ಬೇಕು. ರಾಜಸ್ಥಾನದ ಮಂಗಳಾ ಫೀಲ್ಡಲ್ಲಿ ಮಾಡಿದ್ದು ಅದೇ. ಅಲ್ಲಿನ ಎಣ್ಣೇಲಿ ಮೇಣ ಬೇರೆ ಜಾಸ್ತಿ, ತಣ್ಣಗಾದ್ರೆ ತುಪ್ಪದ ಥರ ಗಟ್ಟಿ, ಅದಕ್ಕೆ ನೀರನ್ನ ಬಿಸಿ ಮಾಡಿ ಹಾಕ್ತಾರೆ. 2009ರಲ್ಲಿ ಎಣ್ಣೆ ಶುರುವಾದ ಜಾಗ ಅದು, ಮರುಭೂಮೀಲಿ ಇಂಜೆಕ್ಷನ್ನಿಗೆ ನೀರು ಎಲ್ಲಿಂದ ಅಂದ್ರೆ ಥುಂಬ್ಲಿ ಅನ್ನೋ ಕಡೆ ನೆಲದಡಿಯ ಉಪ್ಪು ನೀರು, ಕುಡಿಯೋ ನೀರಲ್ಲ.

ಮೂರನೇದು, ಕಲ್ಲಲ್ಲಿ ಮೊದಲೇ ದೊಡ್ಡ ಬಿರುಕು ಇದ್ದು ಅವು ಇಂಜೆಕ್ಟರಿಂದ ಎಣ್ಣೆ ತೆಗೆಯೋ ಬಾವಿ, ಅಂದ್ರೆ ಪ್ರೊಡ್ಯೂಸರ್‌ವರೆಗೂ ಹಬ್ಬಿದ್ರೆ ಉದ್ದದ ಅಡ್ಡ ಬಾವಿ ಹಾಕಿದಷ್ಟೂ ಹೆಚ್ಚು ಬಿರುಕಿಗೆ ಸಿಕ್ಕಿಹಾಕಿಕೊಳ್ತೀರಿ. ಅಲ್ಲಿ ಬೇಡ.

ಎಷ್ಟು ನೀರು

ತೆಗೆದಷ್ಟು ಜಾಗ ತುಂಬಬೇಕು, ಇಷ್ಟೇ ಸೂತ್ರ. ಆದ್ರೆ ಜಾಗ ಅಂದ್ರೆ ಕೆಳಗಿನ ಜಾಗ, ಮೇಲೆ ಟ್ಯಾಂಕಲ್ಲಿ ಅಳೆದಿದ್ದಲ್ಲ. ದಿನಕ್ಕೆ 5000 ಬ್ಯಾರೆಲ್ ಎಣ್ಣೆ, 3000 ಬ್ಯಾರೆಲ್ ನೀರು ಬರ್ತಿದೆ ಅಂದ್ಕೊಳಿ. ಹೊಸಬರು 8000 ಹಾಕಿದ್ರೆ ಸಾಕು ಅಂತಾರೆ. ಎಣ್ಣೆ ಕೆಳಗಿದ್ದಾಗ ಅದರೊಳಗೆ ಗ್ಯಾಸು ಕರಗಿ ಉಬ್ಬಿರತ್ತೆ, ಟ್ಯಾಂಕಿನ ಒಂದು ಬ್ಯಾರೆಲ್ ಕೆಳಗೆ 1.3 ಬ್ಯಾರೆಲ್ ಜಾಗ ತಗೊಂಡಿತ್ತು ಅಂದ್ರೆ 6500 ಪ್ಲಸ್ 3000, ಒಟ್ಟು 9500 ಬೇಕು. 8000 ಹಾಕ್ತಾ ಕೂತ್ರೆ ನೂರಕ್ಕೆ 84 ಭಾಗ ಮಾತ್ರ ತುಂಬಿದಂಗೆ, ಪ್ರೆಶರ್ ದಿನಾ ಸ್ವಲ್ಪ ಸ್ವಲ್ಪ ಇಳೀತಾನೇ ಇರತ್ತೆ, ಗೊತ್ತಾಗೋ ಹೊತ್ತಿಗೆ ಬಬಲ್ ಪಾಯಿಂಟ್ ದಾಟಿರತ್ತೆ.

ಮೇಲಿನ ಲೆಕ್ಕದ ಅಡ್ಡ ಬಾವಿ ಆದ್ರೆ 9500ಕ್ಕೆ ಐದು ಸಾಕು. ನೇರ ಬಾವಿ ಆದ್ರೆ ಮೂವತ್ತರ ಮೇಲೆ ಬೇಕು, ಸಮುದ್ರದ ಮಧ್ಯೆ ಪ್ಲಾಟ್‌ಫಾರ್ಮಲ್ಲಿ ಅಷ್ಟು ಬಾವಿಗೆ ಜಾಗ ಎಲ್ಲಿದೆ.

ಯಾವ ದಿಕ್ಕಿಗೆ, ಎಷ್ಟು ದೂರ

ನನ್ನ ಪ್ರಕಾರ ಇಡೀ ಪ್ರಾಜೆಕ್ಟಿನ ಹಣೆಬರಹ ನಿರ್ಧಾರ ಆಗೋದು ಇಲ್ಲೇ. ಬಾವಿ ಕೊರೆದ ಮೇಲೆ ನೀರು, ಪ್ರೆಶರ್, ಪಂಪು ಎಲ್ಲಾ ಬದಲಾಯಿಸಬಹುದು, ದಿಕ್ಕು ಬದಲಾಯಿಸಕ್ಕೆ ಆಗಲ್ಲ.

ನೆಲದೊಳಗೆ ಕಲ್ಲನ್ನ ಎಲ್ಲಾ ಕಡೆಯಿಂದಲೂ ಅಮುಕ್ತಾ ಇರತ್ತೆ, ಒಂದು ದಿಕ್ಕಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಹೆಚ್ಚು ಪ್ರೆಶರಲ್ಲಿ ನೀರು ಹಾಕಿದಾಗ ಕಲ್ಲು ಸೀಳಿದ್ರೆ ಆ ಸೀಳು ಅಡ್ಡಡ್ಡ ಒತ್ತಡಗಳಲ್ಲಿ ದೊಡ್ಡದು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೇ ಓಡತ್ತೆ. ಬಾವಿ ಅದೇ ದಿಕ್ಕಿಗಿದ್ರೆ ಸೀಳು ಬಾವಿಯ ಉದ್ದಕ್ಕೇ ಬರತ್ತೆ, ಒಳ್ಳೇದೇ ಆಯ್ತು, ನೀರು ಗೋಡೆ ಥರ ಮುಂದೆ ಸಾಗತ್ತೆ. ಬಾವಿ ಅದಕ್ಕೆ ಅಡ್ಡ ಇದ್ರೆ ಸೀಳು ಸೀದಾ ಪಕ್ಕದ ಪ್ರೊಡ್ಯೂಸರ್ ಕಡೆ ಹೋಗತ್ತೆ, ಇಂಜೆಕ್ಟರಿಗೆ ಹಾಕಿದ ನೀರು ಪೈಪಲ್ಲಿ ಬಂದಂಗೆ ಆಚೆ ಬಾವೀಲಿ ಬರತ್ತೆ. ನಾನು ಹೊಸದಾಗಿ ಸೇರಿದ ಒಂದು ಕಡೆ ಇದೇ ಆಗಿತ್ತು. ಒತ್ತಡದ ದಿಕ್ಕು ಅಳೆಯೋ ಲಾಗ್ (ಬಾವಿಯೊಳಗೆ ಉಪಕರಣ ಇಳಿಸಿ ಮಾಡೋ ಅಳತೆ) ಖರ್ಚು ಉಳಿಸಕ್ಕೆ ಹೋಗಿ, ಪ್ಲಾಟ್‌ಫಾರ್ಮಿಂದ ಯಾವ ಕಡೆ ಕೊರೆಯಕ್ಕೆ ಸುಲಭವೋ ಆ ಕಡೆ ಕೊರೆದ್ರು, ಕೆಲವೇ ವಾರದಲ್ಲಿ ಎದುರಿನ ಬಾವಿ ಪೂರ್ತಿ ನೀರು. ಮೀಟಿಂಗಲ್ಲಿ ಎಲ್ಲರೂ ಪಂಪಿನ ಮೇಲೆ ತಪ್ಪು ಹೊರಿಸ್ತಿದ್ರು, ನಾನೂ ಕಿರಿಯ, ಸುಮ್ನೆ ಕೂತಿದ್ದೆ.

ಇದಕ್ಕೆ ಒಳ್ಳೇ ಮಾದರಿ ನೋಡಬೇಕಂದ್ರೆ ಡೆನ್ಮಾರ್ಕಿನ ನಾರ್ತ್ ಸೀ. ಅಲ್ಲಿ ಡಾನ್, ಹಾಲ್ಫ್‌ಡಾನ್ ಅಂತ ಫೀಲ್ಡುಗಳಿವೆ, ಕಲ್ಲು ಬಳಪದ ಥರದ ಚಾಕ್, ಪರ್ಮಿಯಬಿಲಿಟಿ ಒಂದೆರಡು ಮಿಲಿಡಾರ್ಸಿ ಅಷ್ಟೇ. 1999ರಲ್ಲಿ ಸಿಕ್ಕಿದ ಹಾಲ್ಫ್‌ಡಾನಲ್ಲಿ ಕಿಲೋಮೀಟರುಗಟ್ಟಲೆ ಉದ್ದದ ಅಡ್ಡ ಬಾವಿಗಳನ್ನ ಸಾಲಾಗಿ ಹಾಕಿದ್ರು, ಒಂದು ಇಂಜೆಕ್ಟರ್, ಒಂದು ಪ್ರೊಡ್ಯೂಸರ್, ಮತ್ತೊಂದು ಇಂಜೆಕ್ಟರ್, ಮಧ್ಯೆ 180 ಮೀಟರ್ ಆಸುಪಾಸು. ನಮ್ಮ ಅಡಿಕೆ ತೋಟದಲ್ಲಿ ಮರದ ಸಾಲು, ಬಸಿಗಾಲುವೆ, ಮರದ ಸಾಲು, ಬಸಿಗಾಲುವೆ ಇದ್ದಂಗೆ. ಅವರು ಮಾಡಿದ ಜಾಣತನ ಅಂದ್ರೆ ಮೊದಲು ಮೆಲ್ಲಗೆ, ಕಲ್ಲು ಸೀಳದಂಗೆ ನೀರು ಹಾಕ್ತಾ ಪಕ್ಕದ ಬಾವಿಗಳಿಂದ ಎಣ್ಣೆ ತೆಗೆದ್ರು, ಅದರಿಂದ ಒಳಗಿನ ಒತ್ತಡದ ದಿಕ್ಕೇ ಬಾವಿ ಸಾಲಿಗೆ ಹೊಂದಿಕೊಳ್ತು, ಆಮೇಲೆ ಪ್ರೆಶರ್ ಏರಿಸಿ ಬೇಕಂತಲೇ ಉದ್ದಕ್ಕೆ ಸೀಳಿದ್ರು. ಕತಾರಿನ ಅಲ್ ಶಾಹೀನಲ್ಲೂ ಹೆಚ್ಚುಕಮ್ಮಿ ಇದೇ ಥರ ಸಾಲು ಬಾವಿ, ಅಲ್ಲಿ 2008ರಲ್ಲಿ ಒಂದು ಬಾವಿ 12,289 ಮೀಟರ್ ಉದ್ದ ಕೊರೆದು ಆಗಿನ ವಿಶ್ವದಾಖಲೆ ಮಾಡ್ತು. ಶಿವಮೊಗ್ಗ ಪೇಟೆಯಿಂದ ಗಾಜನೂರು ಡ್ಯಾಮಿಗೆ ಹೋದಷ್ಟು ದೂರ!

ಎತ್ತರದ ವಿಷಯ ಸಣ್ಣದು. ನೀರು ಭಾರ, ಎಣ್ಣೆ ಹಗುರ, ಸಾಮಾನ್ಯವಾಗಿ ಇಂಜೆಕ್ಟರ್ ಪದರದ ಕೆಳಭಾಗಕ್ಕೆ, ಪ್ರೊಡ್ಯೂಸರ್ ಮೇಲ್ಭಾಗಕ್ಕೆ ಇಡಿ. ಪೂರ್ತಿ ನೀರಿನ ಪದರದೊಳಗೇ ಇಳಿಸಿದ್ರೆ ಹಾಕಿದ ನೀರು ಎಣ್ಣೆ ತಳ್ಳೋ ಬದಲು ಆಚೆ ಕಡೆ ಹೋಗಿಬಿಡಬಹುದು.

ಕೊರೆಯೋದು, ಒಳಗೆ ಸಜ್ಜು ಮಾಡೋದು

ಕೊರೆಯುವಾಗ ಬಿಟ್ಟಿನ (ಕೊರೆಯೋ ಮೊನೆ) ಹಿಂದೆಯೇ ಅಳತೆ ಮಾಡೋ ಉಪಕರಣ ಇಟ್ಕೊಂಡು, ಪದರ ಮೇಲೆ ಕೆಳಗೆ ಆದಂಗೆ ಬಾವೀನೂ ತಿರುಗಿಸ್ತಾ ಹೋಗ್ಬೇಕು. ಇದನ್ನ ಜಿಯೋಸ್ಟೀರಿಂಗ್ ಅಂತಾರೆ. ಬಾವಿ ಅಡ್ಡಕ್ಕೆ ತಿರುಗೋ ಮೂಲೆಗೆ ಹೀಲ್, ತುದಿಗೆ ಟೋ, ಹಿಮ್ಮಡಿ ಮತ್ತು ಕಾಲ್ಬೆರಳು ಅಂತಲೇ ಅರ್ಥ.

ಕೊರೆಯುವಾಗ ಹಾಕೋ ಮಡ್ಡು, ಅಂದ್ರೆ ಕೆಸರಿನ ಥರದ ದ್ರವ, ಬಾವಿ ಗೋಡೆಗೆ ಸಗಣಿ ಸಾರಿಸಿದಂಗೆ ಮೆತ್ತಿಕೊಳತ್ತೆ, ಅದು ಫಿಲ್ಟರ್ ಕೇಕ್. ಪ್ರೊಡ್ಯೂಸರ್ ಬಾವಿ ಆದ್ರೆ ಎಣ್ಣೆ ಹೊರಗೆ ಬರುವಾಗ ಅದನ್ನೂ ಕಿತ್ಕೊಂಡು ಬರತ್ತೆ. ಇಂಜೆಕ್ಟರಲ್ಲಿ ಉಲ್ಟಾ, ನೀರು ಅದನ್ನ ಕಲ್ಲಿನೊಳಕ್ಕೇ ಒತ್ತತ್ತೆ. ಅದಕ್ಕೇ ಇಂಜೆಕ್ಟರ್ ಆಗೋ ಬಾವಿಯನ್ನ ಮೊದಲು ಕೆಲವು ವಾರ ಎಣ್ಣೆ ಬಾವಿ ಥರವೇ ಹರಿಸಿ ಸ್ವಚ್ಛ ಮಾಡಿ, ಬೇಕಾದ್ರೆ ಕಾಯಿಲ್ಡ್ ಟ್ಯೂಬಿಂಗ್ (ಸುರುಳಿ ಸುತ್ತಿಟ್ಟ ಉದ್ದದ ಪೈಪು) ಇಳಿಸಿ ಆಸಿಡ್ ತೊಳೀರಿ, ತುದಿ ತನಕ. ಹೀಲಲ್ಲಿ ತೊಳೆದು ಟೋ ತನಕ ಹೋಗದೆ ಬಂದವರನ್ನ ನೋಡಿದೀನಿ. ಹಂಗಾದ್ರೆ ಮೂರು ಸಾವಿರ ಅಡಿಗೆ ದುಡ್ಡು ಕೊಟ್ಟು ಐನೂರು ಅಡಿಗೆ ಮಾತ್ರ ನೀರು ಹಾಕಿದಂಗೆ.

ಇನ್ನು ನೀರು ಸಮ ಹಂಚಿಕೆ. ತೋಟಕ್ಕೆ ಡ್ರಿಪ್ ಹಾಕಿದವರಿಗೆ ಗೊತ್ತಿರತ್ತೆ, ಪಂಪಿನ ಹತ್ರದ ಗಿಡಕ್ಕೆ ಜೋರು, ಕೊನೇ ಸಾಲಿಗೆ ತೊಟ್ಟು ತೊಟ್ಟು. ಉದ್ದದ ಬಾವೀಲೂ ಪೈಪಿನ ಘರ್ಷಣೆಯಿಂದ ಹೀಲ್ ಕಡೆ ಜಾಸ್ತಿ ಹೋಗತ್ತೆ, ಅದರ ಮೇಲೆ ಮಧ್ಯೆ ಎಲ್ಲೋ ಸಡಿಲ ಕಲ್ಲು ಸಿಕ್ಕಿದ್ರೆ ಪೂರ್ತಿ ನೀರು ಅದೇ ಕುಡೀತದೆ. ಪರಿಹಾರ ಎರಡು ಮೂರು ಇವೆ. ಬಾವಿಯನ್ನ ಪ್ಯಾಕರ್ (ಪೈಪಿನ ಸುತ್ತ ಜಾಗ ಮುಚ್ಚೋ ಬಿರಡೆ) ಇಟ್ಟು ತುಂಡು ತುಂಡಾಗಿ ಬೇರ್ಪಡಿಸಿ ಪ್ರತಿ ತುಂಡಿಗೂ ನೀರು ತಡೆಯೋ ಸಣ್ಣ ತೂತಿನ ನಳಿಕೆ ಕೂರಿಸೋದು ಒಂದು. ಬಾವಿಯೊಳಗೆ ಇಳಿಸೋ ಲೈನರ್ ಪೈಪಿಗೆ ಹೀಲ್ ಕಡೆ ದೂರ ದೂರ, ಟೋ ಕಡೆ ಹತ್ರ ಹತ್ರ ತೂತು ಕೊರೆಯೋದು ಇನ್ನೊಂದು, ಅಗ್ಗ. ಮುಚ್ಚಿ ತೆಗೆಯೋ ಸ್ಲೀವ್ ಇಟ್ರೆ ಮುಂದೆ ತೊಂದ್ರೆ ಆದ ತುಂಡನ್ನ ಬಂದ್ ಮಾಡಬಹುದು, ನನ್ನ ಓಟು ಇದಕ್ಕೆ, ಮೊದಲು ದುಬಾರಿ ಅನ್ಸಿದ್ರೂ. ಏನೂ ಇಲ್ಲದೆ ಬರೀ ತೆರೆದ ಬಾವಿ ಬಿಟ್ರೆ ಮುಂದೆ ನಿಮ್ಮ ಕೈಲಿ ಏನೂ ಇರಲ್ಲ.

ನೀರು ತಯಾರಿ

ಆಗುಂಬೆ ಘಟ್ಟದ ಕಡೆ ಮಳೆಗಾಲದಲ್ಲಿ ಹಳ್ಳದ ಕೆಂಪು ನೀರನ್ನ ಡ್ರಿಪ್ಪಿಗೆ ಬಿಟ್ರೆ ಫಿಲ್ಟರ್ ಗತಿ ಏನಾಗತ್ತೆ? ಕಲ್ಲಿನ ರಂಧ್ರ ಡ್ರಿಪ್ಪಿಗಿಂತ ಎಷ್ಟೋ ಸಣ್ಣದು, ಮತ್ತೆ ಅದನ್ನ ಬಿಚ್ಚಿ ತೊಳೆಯಕ್ಕೂ ಆಗಲ್ಲ. ಹಳೇ ಲೆಕ್ಕ ಏನಂದ್ರೆ ರಂಧ್ರದ ಕುತ್ತಿಗೆಯ ಮೂರನೇ ಒಂದು ಭಾಗಕ್ಕಿಂತ ದೊಡ್ಡ ಕಣ ಬಾಯಲ್ಲೇ ಕೂರತ್ತೆ, ಏಳನೇ ಒಂದು ಭಾಗಕ್ಕಿಂತ ಸಣ್ಣದು ದಾಟಿ ಹೋಗತ್ತೆ, ಮಧ್ಯದ್ದು ಒಳಗೆ ಹೋಗಿ ಸಿಕ್ಕಿಹಾಕಿಕೊಳತ್ತೆ, ಅದೇ ಅತೀ ಕೆಟ್ಟದ್ದು. ಕೋರಿನ ರಂಧ್ರದ ಗಾತ್ರ ನೋಡಿ ಫಿಲ್ಟರ್ ಆರಿಸಿ, ಕ್ಯಾಟಲಾಗ್ ನೋಡಿ ಅಲ್ಲ.

ಸಮುದ್ರದ ನೀರಾದ್ರೆ ಗಾಳಿ ತೆಗೀಬೇಕು. ಆಮ್ಲಜನಕ ಇದ್ರೆ ಪೈಪು ತುಕ್ಕು ಹಿಡಿಯತ್ತೆ, ತುಕ್ಕಿನ ಪುಡಿ ಮತ್ತೆ ಬಾವಿ ಕಟ್ಟಿಸತ್ತೆ. ಡಿಯೇರೇಟರ್ ಟವರಲ್ಲಿ ಗಾಳಿ ಎಳೆದು, ಉಳಿದಿದ್ದಕ್ಕೆ ಬೈಸಲ್ಫೈಟ್ ಹಾಕಿ, ನೂರು ಕೋಟಿ ಭಾಗದಲ್ಲಿ 20 ಭಾಗಕ್ಕಿಂತ ಕೆಳಗೆ ಇಳಿಸೋದು ವಾಡಿಕೆ. ಆಮೇಲೆ ಬ್ಯಾಕ್ಟೀರಿಯಾ. ಆಮ್ಲಜನಕ ಇಲ್ಲದೇ ಬದುಕಿ ಸಲ್ಫೇಟ್ ತಿಂದು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡೋ ಜಾತಿ ಇದೆ, ವಿಷ ಅದು, ಜನ ಸಾಯ್ತಾರೆ, ತಮಾಷೆ ಅಲ್ಲ. ಬಯೋಸೈಡ್ (ಬ್ಯಾಕ್ಟೀರಿಯಾ ಕೊಲ್ಲೋ ಔಷಧಿ) ವಾರವಾರ ತಪ್ಪದೇ ಕೊಡಿ, ಬ್ಯಾಕ್ಟೀರಿಯಾ ಎಣಿಸ್ತಾ ಇರಿ.

ಇನ್ನೊಂದು ಮರೀಬಾರದ್ದು ಎರಡು ನೀರಿನ ಜಗಳ. ಸಮುದ್ರದ ನೀರಲ್ಲಿ ಲೀಟರಿಗೆ 2700 ಮಿಲಿಗ್ರಾಂ ಆಸುಪಾಸು ಸಲ್ಫೇಟ್ ಇರತ್ತೆ, ಕೆಳಗಿನ ನೀರಲ್ಲಿ ಬೇರಿಯಂ ಇದ್ರೆ ಎರಡೂ ಸೇರಿ ಬೇರಿಯಂ ಸಲ್ಫೇಟ್ ಅನ್ನೋ ಕಲ್ಲಾಗತ್ತೆ, ಆಸಿಡ್ಡಿಗೂ ಕರಗಲ್ಲ. ಬಿಸಿನೀರಿನ ಹಂಡೆ ತಳದ ಬಿಳಿ ಪದರ ಇದರ ಮುಂದೆ ಏನೂ ಅಲ್ಲ. ಮೊದಲೇ ಲ್ಯಾಬಲ್ಲಿ ಎರಡೂ ನೀರು ಬೆರೆಸಿ ನೋಡಿ, ಬೇಕಾದ್ರೆ ಮೆಂಬ್ರೇನಿಂದ ಸಲ್ಫೇಟ್ ತೆಗೆದು ಹಾಕಿ.

ಶುರು ಮಾಡೋದು

ವಾಲ್ವ್ ಪೂರ್ತಿ ತಿರುಗಿಸಿ ಬಿಡಬೇಡಿ. ಮೊದಲು ಸ್ಟೆಪ್ ರೇಟ್ ಟೆಸ್ಟ್: ದಿನಕ್ಕೆ 500 ಬ್ಯಾರೆಲ್ ದರದಲ್ಲಿ ಒಂದಷ್ಟು ಹೊತ್ತು, ಆಮೇಲೆ 1000, 1500, ಹಿಂಗೆ ಸಮ ಸಮಯದ ಮೆಟ್ಟಿಲು ಏರಿಸ್ತಾ ಪ್ರತಿ ಮೆಟ್ಟಿಲಿನ ಕೊನೇ ಪ್ರೆಶರ್ ಬರ್ಕೊಳಿ. ಗ್ರಾಫಲ್ಲಿ ಗೆರೆ ಎಲ್ಲಿ ಚಪ್ಪಟೆ ಕಡೆಗೆ ಬಗ್ಗತ್ತೋ ಅಲ್ಲಿ ಕಲ್ಲು ಸೀಳಿದೆ.

ಅಂದಾಜಿಗೆ ಲೆಕ್ಕ: 5000 ಅಡಿ ಆಳ, ಸೀಳೋ ಪ್ರೆಶರ್ ಅಡಿಗೆ 0.7 ಪಿಎಸ್ಐ ಇದ್ರೆ ಕೆಳಗೆ 3500 ಪಿಎಸ್ಐಗೆ ಸೀಳತ್ತೆ. ನೀರಿನ ಸ್ವಂತ ಭಾರವೇ ಅಡಿಗೆ 0.44ರಂತೆ 2200 ಕೊಡತ್ತೆ. ಹಂಗಾಗಿ ಮೇಲೆ ಪಂಪು 1300 ದಾಟಿದ್ರೆ ಗಂಡಾಂತರ, 1000ಕ್ಕೆ ನಿಲ್ಸಿದ್ರೆ ಕೆಳಗೆ 3200, ಮೊದಲು ಹೇಳಿದ 1200ರ ಲೆಕ್ಕ ಅದೇ, ರಿಸರ್ವಾಯರ್ 2000 ಇದ್ದಾಗ. ಪೈಪಿನ ಘರ್ಷಣೆ ಇಲ್ಲಿ ಸೇರ್ಸಿಲ್ಲ. ತಣ್ಣನೆ ನೀರು ಬಿಸಿ ಕಲ್ಲನ್ನ ಕುಗ್ಗಿಸೋದ್ರಿಂದ ದಿನ ಹೋದಂಗೆ ಸೀಳೋ ಪ್ರೆಶರ್ ಇನ್ನೂ ಕಮ್ಮಿ ಆಗತ್ತೆ, ಅದಕ್ಕೆ ಟೆಸ್ಟನ್ನ ಒಂದು ಸಲ ಮಾಡಿ ಫೈಲಿಗೆ ಹಾಕಿ ಮರೀಬೇಡಿ.

ಕಾಯೋದು, ನೋಡೋದು

ದಿನಾ ಎಷ್ಟು ನೀರು ಹೋಯ್ತು, ಎಷ್ಟು ಪ್ರೆಶರಲ್ಲಿ ಹೋಯ್ತು, ಎರಡು ಕಾಲಂ ಸಾಕು. ಪ್ರೆಶರನ್ನ ದಿನದಿಂದ ಗುಣಿಸಿ ಕೂಡಿಸ್ತಾ ಹೋಗಿ ಲಂಬಕ್ಕೆ, ಒಟ್ಟು ನೀರು ಅಡ್ಡಕ್ಕೆ ಹಾಕಿ ಗೆರೆ ಎಳೀರಿ, ಇದು ಹಾಲ್ ಪ್ಲಾಟ್, 1963ರದ್ದು, ಇವತ್ತಿಗೂ ಇದಕ್ಕಿಂತ ಅಗ್ಗದ ಡಾಕ್ಟರ್ ಇಲ್ಲ. ಗೆರೆ ನೇರ ಇದ್ರೆ ಆರೋಗ್ಯ. ಮೇಲಕ್ಕೆ ಬಗ್ಗಿದ್ರೆ ಬಾವಿ ಕಟ್ಟಿಕೊಳ್ತಿದೆ, ಫಿಲ್ಟರ್ ನೋಡಿ. ಕೆಳಕ್ಕೆ ಬಗ್ಗಿದ್ರೆ ಕಲ್ಲು ಸೀಳಿದೆ, ಪ್ರೆಶರ್ ಇಳಿಸಿ. ಕೆಳಕ್ಕೆ ಬಗ್ಗಿದಾಗ ಆಪರೇಟರುಗಳು ಖುಷಿ ಪಡ್ತಾರೆ, ನೀರು ಚೆನ್ನಾಗಿ ಹೋಗ್ತಿದೆ ಸಾರ್ ಅಂತ. ಎಲ್ಲಿಗೆ ಹೋಗ್ತಿದೆ ಅಂತ ಕೇಳಿ.

ಎದುರಿನ ಬಾವೀಲಿ ನೀರಿನ ಪಾಲು ಏರಿದಾಗ ಗಾಬರಿ ಬೇಡ, ಮೊದಲು ಹೆಂಗೆ ಏರ್ತು ನೋಡಿ. ತಿಂಗಳುಗಟ್ಟಲೆ ಮೆಲ್ಲಗೆ ಏರಿದ್ರೆ ನೀರು ಎಣ್ಣೆ ತಳ್ಳಿಕೊಂಡು ಬಂದಿದೆ, ಅದು ಆಗ್ಬೇಕಾದ್ದೇ. ರಾತ್ರೋರಾತ್ರಿ ಏರಿದ್ರೆ ಕಳ್ಳದಾರಿ. ಯಾವ ಇಂಜೆಕ್ಟರಿಂದ ಅಂತ ತಿಳಿಯಕ್ಕೆ ಪ್ರತಿಯೊಂದಕ್ಕೂ ಬೇರೆ ಬೇರೆ ಟ್ರೇಸರ್ ರಾಸಾಯನಿಕ ಹಾಕಿ, ಯಾವುದು ಎಷ್ಟು ದಿನಕ್ಕೆ ಆಚೆ ಬರತ್ತೆ ಅಂತ ಸ್ಯಾಂಪಲ್ ತೆಗೀರಿ. ಬಾವಿಯ ಯಾವ ತುಂಡಿಂದ ಅಂತ ತಿಳಿಯಕ್ಕೆ ಒಳಗೆ ಫೈಬರ್ ಆಪ್ಟಿಕ್ ಕೇಬಲ್ ಇಟ್ಟು ಉಷ್ಣತೆ ಅಳೆಯೋದು ಒಳ್ಳೇದು. ಇಂಜೆಕ್ಷನ್ ಕೆಲವು ದಿನ ನಿಲ್ಸಿ ನೋಡಿದ್ರೆ ಜಾಸ್ತಿ ನೀರು ಕುಡಿದ ಜಾಗ ಬೇರೆ ಕಡೆಗಿಂತ ನಿಧಾನವಾಗಿ ಬಿಸಿ ಆಗತ್ತೆ. ಸಿಕ್ಕಿದ ಮೇಲೆ ಸ್ಲೀವ್ ಇದ್ರೆ ಮುಚ್ಚಿ, ಇಲ್ಲದಿದ್ರೆ ಜೆಲ್ ಹಾಕಿ ಆ ದಾರಿ ಕಟ್ಟಿ. ಅದೂ ಆಗದಿದ್ರೆ ಕೆಲವು ವಾರ ಹಾಕಿ ಕೆಲವು ವಾರ ನಿಲ್ಸಿ ನೋಡಿ, ಬಿಗಿ ಕಲ್ಲಿಂದ ಎಣ್ಣೆ ಒಸರಿ ಬಿರುಕಿಗೆ ಇಳಿಯಕ್ಕೆ ಪುರುಸೊತ್ತು ಸಿಗತ್ತೆ.

ಆಚೆ ಬಂದ ನೀರನ್ನ ಚೆಲ್ಲಬೇಡಿ, ಎಣ್ಣೆ ಹನಿ ತೆಗೆದು ಮತ್ತೆ ಒಳಗೇ ಹಾಕೋದು. ಆಗ ನೀರು ತಯಾರಿಯ ಲೆಕ್ಕ ಪೂರ್ತಿ ಹೊಸದಾಗಿ ಮಾಡ್ಬೇಕು, ಎಣ್ಣೆ ಪಸೆ ಇರೋ ನೀರು ಬೇರೆಯೇ ಥರ ಕಟ್ಟಿಸತ್ತೆ.

ಇಷ್ಟು ಕೇಳಿ ಚಿಕ್ಕಪ್ಪ ಕವಳ ಉಗಿದು ಬಂದು, "ಹಂಗಾರೆ ಕೊನೆಗೆ ಬರೀ ನೀರೇ ಬರಕ್ಕೆ ಶುರುವಾದ್ರೆ ಬಾವಿ ಮುಚ್ಚೋದು ಯಾವಾಗ" ಅಂದ್ರು. ನೂರು ಬ್ಯಾರೆಲಲ್ಲಿ 95 ನೀರು ಬಂದ್ರೂ ಓಡಿಸೋ ಬಾವಿಗಳಿವೆ ಚಿಕ್ಕಪ್ಪ, ಉಳಿದ ಐದು ಬ್ಯಾರೆಲ್ ಎಣ್ಣೆಯ ದುಡ್ಡು ಆ 95 ಬ್ಯಾರೆಲ್ ನೀರನ್ನ ಎತ್ತಿ, ಶುದ್ಧ ಮಾಡಿ, ವಾಪಸ್ ಒಳಗೆ ಹಾಕೋ ಖರ್ಚಿಗಿಂತ ಜಾಸ್ತಿ ಇರೋ ತನಕ ಓಡಿಸ್ತಾರೆ, ಎಣ್ಣೆ ರೇಟು ಬಿದ್ರೆ ನಿಲ್ಸಿ, ಎದ್ರೆ ಮತ್ತೆ ಶುರು ಮಾಡ್ತಾರೆ ಅಂದೆ. "ಓ, ರಾಶಿ ಅಡಿಕೆ ರೇಟು ನೋಡ್ಕೊಂಡು ಮಂಡಿಗೆ ಹಾಕಿದಂಗೆ" ಅಂದು ತೋಟಕ್ಕೆ ಹೋದ್ರು.